ನಂಬರ್ ಪ್ಲೇಟ್ ಇಲ್ಲದ ಚರಿತ್ರೆ

ಮೋಟಾರು ವಾಹನಗಳ ಚರಿತ್ರೆ ಬರೆಯುವವರಿಗೆ ಒಂದು ಅನುಕೂಲವಿದೆ. ಪ್ರತಿ ಗಾಡಿಗೂ ಒಂದು ನಂಬರ್ ಇರುತ್ತದೆ, ಪ್ರತಿ ನಂಬರಿನ ಹಿಂದೆ ಒಂದು ಕಾಗದ ಇರುತ್ತದೆ. ಗಾಡಿ ಯಾವ ಕಂಪನಿಯದು, ಯಾವ ವರ್ಷದ್ದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೆಲ್ಲ ಆರ್‌ಟಿಒ ಕಚೇರಿ ಬರೆದಿಡುತ್ತದೆ. ತೊಡಕು ಹುಟ್ಟುವುದೂ ಇಲ್ಲಿಯೇ. ನಂಬರ್ ಇಲ್ಲದ ಗಾಡಿ ಕಾಗದಕ್ಕೆ ಬರುವುದಿಲ್ಲ, ಕಾಗದಕ್ಕೆ ಬಾರದ್ದನ್ನು ಚರಿತ್ರೆ ಕೇಳುವುದಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರಸ್ತೆಯಲ್ಲಿ ಓಡುವ ಕೆಎ 27ರ ಗಾಡಿಗಳ ಲೆಕ್ಕ ಯಾರಿಗೆ ಬೇಕಾದರೂ ಸಿಗುತ್ತದೆ. ಅದೇ ಊರುಗಳ ವೆಲ್ಡಿಂಗ್ ಅಂಗಡಿಗಳಲ್ಲಿ, ಹಳೆಯ ಬೈಕಿನ ಎಂಜಿನ್ ಇಟ್ಟು, ಗುಜರಿಯ ಪೈಪು ಜೋಡಿಸಿ ಕಟ್ಟಿದ ಗಾಡಿಗಳ ಲೆಕ್ಕ ಎಲ್ಲಿಯೂ ಇಲ್ಲ.

ಮನೆಯಲ್ಲೇ ಬೈಕಿನ ಎಂಜಿನ್‌ನಿಂದ ಕಾರು ಕಟ್ಟಿದ ಸುದ್ದಿ ಆಗಾಗ ಪತ್ರಿಕೆಯಲ್ಲಿ, ಟಿವಿಯಲ್ಲಿ ಬರುತ್ತದೆ. ಕಟ್ಟಿದವನನ್ನು ಪ್ರತಿಭಾವಂತ ಎಂದು ಹೊಗಳುತ್ತಾರೆ, ಊರವರು ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದೆ ಆ ಕಾರು ಏನಾಯಿತು ಎಂದು ಬರೆಯುವವರು ಇಲ್ಲ. ಪ್ರತಿ ಸಲವೂ ಅದು ಮೊದಲ ಸಲವೆಂಬಂತೆಯೇ ಸುದ್ದಿಯಾಗುತ್ತದೆ. ಈ ಕೆಲಸಕ್ಕೆ ಹಿಂದು ಮುಂದು ಇದೆ, ಪರಂಪರೆ ಇದೆ ಎಂದು ನಮಗೆ ಅನ್ನಿಸುವುದೇ ಇಲ್ಲ. ಏಕೆ ಅನ್ನಿಸುವುದಿಲ್ಲ ಎನ್ನುವುದು ಈ ಬರಹದ ಪ್ರಶ್ನೆ.

ಮೊದಲು ಕೆಲಸದ ಸ್ವರೂಪ ನೋಡೋಣ. ಮನೆಯಲ್ಲಿ ಗಾಡಿ ಕಟ್ಟುವವರು ಬೈಕಿನ ಎಂಜಿನ್ನನ್ನೇ ಹುಡುಕುವುದಕ್ಕೆ ಕಾರಣವಿದೆ. ಎಂಜಿನ್, ಕ್ಲಚ್, ಗೇರುಪೆಟ್ಟಿಗೆ ಮೂರೂ ಒಂದೇ ಉಂಡೆಯಾಗಿ ಬರುತ್ತವೆ. ಇಬ್ಬರು ಎತ್ತಬಹುದು, ನಾಲ್ಕು ಬೋಲ್ಟಿನಲ್ಲಿ ಕೂರಿಸಬಹುದು. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ಹೀರೊ ಹೋಂಡಾದ ಸ್ಪ್ಲೆಂಡರ್ 1994ರಲ್ಲಿ ಬಂತು. ಅದರ 97.2 ಸಿಸಿ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಇಲ್ಲದ ಹೋಬಳಿ ಊರು ಇಂದು ಅಪರೂಪ.

ತೊಂದರೆಗಳೂ ಅಷ್ಟೇ ಇವೆ. ಸ್ಪ್ಲೆಂಡರಿನ ಎಂಜಿನ್ ಕೊಡುವುದು ಸುಮಾರು 8 ಅಶ್ವಶಕ್ತಿ. ಅದನ್ನು ಮಾಡಿದ್ದು ಇಬ್ಬರು ಕೂತ ಬೈಕಿಗೆ. ಅದರ ಮೇಲೆ ಕಬ್ಬಿಣದ ಚೌಕಟ್ಟು, ನಾಲ್ಕು ಗಾಲಿ, ನಾಲ್ಕು ಜನ ಹೇರಿದರೆ ಏರಿನಲ್ಲಿ ಕ್ಲಚ್ ಪ್ಲೇಟು ಸುಡುತ್ತದೆ. ಬೈಕ್ ಓಡುವಾಗ ಎದುರುಗಾಳಿಯೇ ಎಂಜಿನ್ನನ್ನು ತಂಪಾಗಿಡುತ್ತದೆ. ಕಾರಿನ ಹಿಂಬದಿಯಲ್ಲಿ ಮುಚ್ಚಿಟ್ಟಾಗ ಗಾಳಿ ತಾಗದೆ ಅದು ಕಾಯುತ್ತದೆ, ಆಗ ಫ್ಯಾನು ಕೂರಿಸಬೇಕು. ಬೈಕಿಗೆ ರಿವರ್ಸ್ ಗೇರು ಇಲ್ಲ. ಇವೆಲ್ಲಕ್ಕಿಂತ ದೊಡ್ಡ ತೊಡಕು ತಿರುವಿನದು. ಗಾಡಿ ತಿರುಗುವಾಗ ಹೊರಬದಿಯ ಗಾಲಿ ಒಳಬದಿಯದಕ್ಕಿಂತ ಹೆಚ್ಚು ದೂರ ಸಾಗಬೇಕು. ಬೈಕಿನ ಚೈನು ಎರಡೂ ಹಿಂಗಾಲಿಗಳನ್ನು ಒಂದೇ ಅಚ್ಚಿಗೆ ಕಟ್ಟಿದರೆ ತಿರುವಿನಲ್ಲಿ ಒಂದು ಗಾಲಿ ನೆಲ ಉಜ್ಜುತ್ತದೆ, ಟೈರು ಸವೆಯುತ್ತದೆ, ಗಾಡಿ ನೇರಕ್ಕೆ ಎಳೆಯುತ್ತದೆ. ಎರಡು ಗಾಲಿಗಳಿಗೆ ಬೇರೆ ಬೇರೆ ವೇಗ ಹಂಚಿಕೊಡುವ ಡಿಫರೆನ್ಷಿಯಲ್ ಬೇಕು. ಗುಜರಿಗೆ ಬಂದ ಆಟೊದ ಹಿಂದಿನ ಭಾಗ ತಂದು ಜೋಡಿಸುವುದು, ಅದಕ್ಕೆ ತಕ್ಕ ಸ್ಪ್ರಾಕೆಟನ್ನು ಲೇತಿನಲ್ಲಿ ಕೊರೆಯುವುದು ಇಲ್ಲಿ ನಿಜವಾದ ಕುಶಲತೆ. ಇದು ಆಟಿಕೆಯಲ್ಲ. ಎಳೆತ, ಭಾರ, ಉಷ್ಣ, ವೇಗಗಳ ಲೆಕ್ಕವನ್ನು ಕೈಯಲ್ಲೇ ಮಾಡುವ ವಿದ್ಯೆ.

ಈ ವಿದ್ಯೆಗೆ ಹೊರದೇಶದಲ್ಲಿ ಸಿಕ್ಕ ಗತಿ ಬೇರೆ. 1946ರಲ್ಲಿ ಇಂಗ್ಲೆಂಡಿನ ಸರ್ಬಿಟನ್ ಎಂಬಲ್ಲಿ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ತಮ್ಮ ಗ್ಯಾರೇಜಿನಲ್ಲಿ ಒಂದು ಚಿಕ್ಕ ರೇಸ್ ಕಾರು ಕಟ್ಟಿದರು. ಯುದ್ಧ ಆಗಷ್ಟೇ ಮುಗಿದಿತ್ತು, ಯಾವ ಸಾಮಾನೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಎರಡು ಹಳೆಯ ಫಿಯಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿ, 500 ಸಿಸಿಯ ಜೆಎಪಿ ಮೋಟಾರ್ ಸೈಕಲ್ ಎಂಜಿನ್ ಹಾಕಿದರು. ಚೈನು ಹಿಂದಿನ ಗಾಲಿ ತಿರುಗಿಸಬೇಕಾದ್ದರಿಂದ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದರು. ಅನುಕೂಲಕ್ಕೆಂದು ಮಾಡಿದ ಆ ಏರ್ಪಾಡು ಮುಂದೆ ರೇಸ್ ಕಾರಿನ ರೂಪವನ್ನೇ ಬದಲಿಸಿತು. ಹಿಂಬದಿ ಎಂಜಿನ್ನಿನ ಕೂಪರ್ ಕಾರಿನಲ್ಲಿ ಜಾಕ್ ಬ್ರಭಾಮ್ 1959 ಮತ್ತು 1960ರಲ್ಲಿ ವಿಶ್ವ ಚಾಂಪಿಯನ್ ಆದರು. ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಎಂಜಿನ್ನನ್ನು ಹಿಂದಕ್ಕೆ ಸರಿಸಿದವು.

ಬ್ರಿಟನ್ನಿನಲ್ಲಿ ಮನೆಯ ಕಾರು ಉಳಿದದ್ದಕ್ಕೆ ಕುಶಲತೆಯಷ್ಟೇ ಕಾನೂನೂ ಕಾರಣ. ಅಲ್ಲಿ ಪೂರ್ತಿ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆ ಕೊಂಡು ತಾನೇ ಜೋಡಿಸಿಕೊಂಡವನಿಗೆ ಆ ತೆರಿಗೆ ಇರಲಿಲ್ಲ. 1957ರ ಲೋಟಸ್ ಸೆವೆನ್ ಹೀಗೆ ಪೆಟ್ಟಿಗೆಯಲ್ಲಿ ಮಾರಾಟವಾಗಿ ಹೆಸರಾಯಿತು. 1973ರಲ್ಲಿ ತೆರಿಗೆಯ ರೀತಿ ಬದಲಾದಾಗ ಈ ಲಾಭ ಹೋಯಿತು, ಆದರೆ ಹವ್ಯಾಸ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು 250 ಪೌಂಡಿನಲ್ಲಿ ಕಾರು ಕಟ್ಟುವ ಪುಸ್ತಕ ಬರೆದು ಸಾವಿರಾರು ಜನರ ಕೈಗೆ ವೆಲ್ಡಿಂಗ್ ಗನ್ ಕೊಟ್ಟರು. ಮುಂದೆ ಜಪಾನಿನ ದೊಡ್ಡ ಬೈಕುಗಳ ಎಂಜಿನ್ ಇಟ್ಟ ಕಿಟ್ ಕಾರುಗಳೇ ಒಂದು ಪಂಗಡವಾದವು. ಸರ್ಕಾರ ಈ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸಿ ನಂಬರ್ ಕೊಡುವ ಏರ್ಪಾಡು ಮಾಡಿತು. ಬ್ರೇಕು, ದೀಪ, ಸ್ಟಿಯರಿಂಗ್, ಹೊಗೆ ಎಲ್ಲ ಸರಿ ಇದ್ದರೆ ಮನೆಯ ಶೆಡ್ಡಿನಲ್ಲಿ ಹುಟ್ಟಿದ ಕಾರೂ ಕಾರೇ. ಹೀಗಾಗಿ ಅಲ್ಲಿ ಅದಕ್ಕೆ ದಾಖಲೆ ಉಳಿಯಿತು, ದಾಖಲೆಯಿಂದ ಚರಿತ್ರೆ ಹುಟ್ಟಿತು.

ನಮ್ಮಲ್ಲಿ ಕುಶಲತೆ ಕಡಿಮೆ ಇತ್ತೇ? ಎರಡನೆಯ ಮಹಾಯುದ್ಧ ಮುಗಿದ ಮೇಲೆ ದಿಲ್ಲಿಯ ಮಿಸ್ತ್ರಿಗಳು ಸೈನ್ಯ ಬಿಟ್ಟುಹೋದ ಹಾರ್ಲೆ ಡೇವಿಡ್‌ಸನ್ ಬೈಕುಗಳ ಹಿಂಭಾಗ ಕತ್ತರಿಸಿ, ಜನ ಕೂರುವ ತೊಟ್ಟಿಲು ಜೋಡಿಸಿ, ಫಟ್‌ಫಟಿ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಮಾಡಿದರು. ಅವು ರಾಜಧಾನಿಯ ಬೀದಿಗಳಲ್ಲಿ 1990ರ ದಶಕದ ಕೊನೆಯವರೆಗೂ ಓಡಿದವು. ಸೌರಾಷ್ಟ್ರದಲ್ಲಿ ಬುಲೆಟ್ಟಿನ ಮುಂಭಾಗಕ್ಕೆ ಡೀಸೆಲ್ ಎಂಜಿನ್ ಮತ್ತು ಹಿಂದೆ ತೊಟ್ಟಿ ಕೂರಿಸಿ ಛಕಡೊ ಮಾಡಿದರು. ಆ ಕಸುಬಿನ ಒಳಗಿನಿಂದಲೇ ರಾಜಕೋಟದ ಅತುಲ್ ಆಟೊ ಎಂಬ ಕಂಪನಿ ಬೆಳೆದು ಬಂತು. ಛಕಡೊ ಎಂಬ ಮಾತು ನಮ್ಮ ಕಡೆಯ ಕಿವಿಗೆ ಹೊಸದಲ್ಲ. ನಾವು ಎತ್ತಿನ ಬಂಡಿಗೆ ಚಕ್ಕಡಿ ಎನ್ನುತ್ತೇವೆ.

ನಮ್ಮ ಗಡಿಗೆ ಅಂಟಿಕೊಂಡೇ ಇರುವ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ 1940ರ ದಶಕದ ಕೊನೆಯಲ್ಲಿ ಮೀರಾ ಎಂಬ ಪುಟ್ಟ ಕಾರು ಕಟ್ಟಿದರು. ಎರಡು ದಶಕ ಅದನ್ನೇ ತಿದ್ದುತ್ತ, ಮಾದರಿಯ ಮೇಲೆ ಮಾದರಿ ಮಾಡುತ್ತ ಹೋದರು. ಸುಮಾರು 12,000 ರೂಪಾಯಿಗೆ ಅದನ್ನು ಜನರಿಗೆ ಮುಟ್ಟಿಸುವ ಆಸೆ ಅವರದು. ಆದರೆ 1951ರ ಕೈಗಾರಿಕಾ ಕಾಯ್ದೆಯ ನಂತರ ಕಾರು ತಯಾರಿಸಲು ಕೈಚಳಕದ ಜೊತೆಗೆ ದಿಲ್ಲಿಯ ಲೈಸೆನ್ಸೂ ಬೇಕಿತ್ತು. 1970ರಲ್ಲಿ ಸಂಜಯ್ ಗಾಂಧಿಯವರಿಗೆ ವರ್ಷಕ್ಕೆ 50,000 ಕಾರು ತಯಾರಿಸುವ ಒಪ್ಪಿಗೆ ಪತ್ರ ಸಿಕ್ಕಿತು, ಆಗ ಅವರಲ್ಲಿ ಮಾರುವಂಥ ಒಂದು ಕಾರೂ ಇರಲಿಲ್ಲ. ಓಡುವ ಮೀರಾ ಕಾರ್ಖಾನೆಯ ಮುಖ ಕಾಣಲೇ ಇಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಕಾರು ಮಾಡಿತು. ಫೈಬರ್ ಗ್ಲಾಸಿನ ಮೈ, ಹಿಂದೆ 198 ಸಿಸಿಯ ಒಂಟಿ ಸಿಲಿಂಡರಿನ ಎಂಜಿನ್. ಹೃದಯ ದ್ವಿಚಕ್ರದ್ದು, ಹೊದಿಕೆ ಕಾರಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಇವೆಲ್ಲ ಕಂಪನಿಗಳ ಕಥೆಯಾದ್ದರಿಂದ ಚರಿತ್ರೆಗೆ ಸೇರಿವೆ. ಬೀಗ ಬಿದ್ದ ಕಾರ್ಖಾನೆಗೂ ಒಂದು ಕಡತವಿರುತ್ತದೆ. ಬೀಗವೇ ಇಲ್ಲದ ಶೆಡ್ಡಿಗೆ ಇರುವುದಿಲ್ಲ.

ಈಗಿನ ಕಾನೂನು ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯುವಂತಿಲ್ಲ. ಮಾರುಕಟ್ಟೆಗೆ ಬರುವ ವಾಹನದ ಮಾದರಿಯನ್ನು ತಯಾರಕರು ಮೊದಲು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಇದು ಲಕ್ಷಗಟ್ಟಲೆ ಗಾಡಿ ಮಾಡುವ ಕಂಪನಿಗೆ ಹೊಂದುವ ನಿಯಮ. ಜೀವಮಾನದಲ್ಲಿ ಒಂದು ಗಾಡಿ ಮಾಡುವವನಿಗೆ ಆ ಬಾಗಿಲು ಇದ್ದೂ ಇಲ್ಲದಂತೆ. ಉತ್ತರ ಭಾರತದ ಜುಗಾಡ್ ಗಾಡಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಅವೂ ಮೋಟಾರು ವಾಹನಗಳೇ, ಕಾಯ್ದೆ ಪಾಲಿಸದೆ ಓಡುವಂತಿಲ್ಲ ಎಂದಿತು. 2019ರ ಇನ್ನೊಂದು ತೀರ್ಪು, ತಯಾರಕರು ಕೊಟ್ಟ ರೂಪಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು ಹೇಳಿತು. ಒಂದು ಕಿಂಡಿ ತೆರೆದಿದೆ. ಅಂಗವಿಕಲರ ಬಳಕೆಗಾಗಿ ಅನುಮತಿ ಪಡೆದು ಗಾಡಿಯನ್ನು ಮಾರ್ಪಡಿಸಬಹುದು. ಸ್ಕೂಟರಿನ ಎರಡೂ ಬದಿಗೆ ಗಾಲಿ ಕೂರಿಸಿದ ಗಾಡಿಗಳು ನಮ್ಮ ಊರುಗಳಲ್ಲಿ ಕಾಣುವುದು ಇದರಿಂದ.

ಈ ಕಾನೂನನ್ನು ಸುಮ್ಮನೆ ಬೈಯುವುದು ಸರಿಯಲ್ಲ. ಬ್ರೇಕು ಹಿಡಿಯದ, ವಿಮೆ ಇಲ್ಲದ ಗಾಡಿಯಲ್ಲಿ ಜನ ತುಂಬಿಕೊಂಡು ಹೋಗಿ ಸತ್ತವರ ಮನೆಯವರಿಗೆ ಪರಿಹಾರ ಕೊಡುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದು. ಬ್ರಿಟನ್ನಿನಲ್ಲೂ ಪರೀಕ್ಷೆ ಕಠಿಣವೇ. ವ್ಯತ್ಯಾಸ ಇಷ್ಟೆ: ಅಲ್ಲಿ ಒಂದು ಗಾಡಿ ಮಾಡಿದವನು ಪರೀಕ್ಷೆಗೆ ಕೂರಬಹುದು.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಆ ವಿದ್ಯೆ ಎಲ್ಲಿ ಹೋಯಿತು? ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಹಾನಗಲ್ಲಿಗೂ ಹಿರೇಕೆರೂರಿಗೂ ರೈಲು ಬಂದಿಲ್ಲ. ಸವಣೂರು ತಾಲ್ಲೂಕಿಗೆ ಇರುವುದು ಯಲವಿಗಿಯ ನಿಲ್ದಾಣ. ಶಿಗ್ಗಾಂವಿಗೆ ಪುಣೆ ಬೆಂಗಳೂರು ಹೆದ್ದಾರಿ ಇದೆ. ಇಲ್ಲಿ ಸಾಗಾಟವೆಂದರೆ ಬಹಳ ಕಾಲ ಚಕ್ಕಡಿಯೇ. ಅದನ್ನು ಕಟ್ಟಿದವರು ಊರಿನ ಬಡಿಗ ಮತ್ತು ಕಮ್ಮಾರ. ಒಬ್ಬರು ಗಾಲಿ ಮಾಡಿದರೆ ಇನ್ನೊಬ್ಬರು ಅದಕ್ಕೆ ಕಬ್ಬಿಣದ ಹಳಿ ಕಾಯಿಸಿ ತೊಡಿಸುತ್ತಿದ್ದರು. ಸುಗ್ಗಿಯಲ್ಲಿ ರೈತ ಅವರಿಗೆ ಆಯ ಅಳೆಯುತ್ತಿದ್ದ. ಟ್ರ್ಯಾಕ್ಟರ್ ಬಂದಾಗ ಆ ಮನೆಗಳ ಕೆಲವು ಮಕ್ಕಳು ವೆಲ್ಡಿಂಗ್ ಕಲಿತು ಟ್ರೇಲರ್, ನೇಗಿಲು, ಕುಂಟೆ ಮಾಡತೊಡಗಿದರು. ಕುಲುಮೆಯ ಜಾಗದಲ್ಲಿ ವೆಲ್ಡಿಂಗ್ ಮಷಿನ್ ಬಂತು, ಕಸುಬು ಮುಂದುವರಿಯಿತು.

ಇಂದು ಈ ಸೀಮೆಯ ದೊಡ್ಡ ಬೆಳೆ ಗೋವಿನಜೋಳ, ಜೊತೆಗೆ ಹತ್ತಿ. ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯಬೇಕು. ವರ್ಷಪೂರ್ತಿ ಎತ್ತು ಸಾಕುವ ಶಕ್ತಿ ಸಣ್ಣ ಹಿಡುವಳಿಗೆ ಇಲ್ಲ. ದೊಡ್ಡ ಟ್ರ್ಯಾಕ್ಟರ್ ಬೆಳೆದ ಸಾಲಿನೊಳಗೆ ಹೋಗುವುದಿಲ್ಲ. ಆಗ ಹಳೆಯ ಬೈಕು ನೆನಪಾಗುತ್ತದೆ. ಹಿಂದಿನ ಗಾಲಿ ಕಳಚಿ, ಅಚ್ಚು ಹಾಕಿ, ಕುಂಟೆ ಕಟ್ಟುತ್ತಾರೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ 1994ರಲ್ಲಿ ಬುಲೆಟ್ಟಿಗೆ ಇಂಥದೇ ಏರ್ಪಾಡು ಮಾಡಿದ್ದರು. ಬುಲೆಟ್ ಸಾಂತಿ ಎಂಬ ಆ ಯಂತ್ರಕ್ಕೆ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ನೆರವಿನಿಂದ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತು. ನಮ್ಮ ನೆರೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ದಶಕಗಳ ಕಾಲ ಹೊಲಕ್ಕೆ ಬೇಕಾದ ಉಪಕರಣಗಳನ್ನು ಕಂಡುಹಿಡಿದು 2022ರಲ್ಲಿ ಪದ್ಮಶ್ರೀ ಪಡೆದರು. ಬರೆದಿಟ್ಟರೆ ಗೌರವ ಬರುತ್ತದೆ ಎನ್ನುವುದಕ್ಕೆ ಇವರಿಬ್ಬರೂ ಸಾಕ್ಷಿ.

ಆದರೆ ಇವರು ಅಪವಾದ. ಲೇತ್ ಅಂಗಡಿಗಳ ಮುಂದೆ ಕೂತು ನಾನು ಕೇಳಿದ ಮಾತಿನ ಸಾರ ಒಂದೇ: ಗಾಡಿ ಮಾಡುವುದು ವಾರದ ಕೆಲಸ, ಕಾಗದ ಮಾಡಿಸುವುದು ಆಗದ ಕೆಲಸ. ಅದಕ್ಕೇ ಬೈಕಿನ ಎಂಜಿನ್ನಿನ ಕಾರು ಓಣಿಯಲ್ಲಿ ನಾಲ್ಕು ಸುತ್ತು ಹಾಕಿ ನಿಲ್ಲುತ್ತದೆ. ಕೆಲವು ದಿನಕ್ಕೆ ಅದರ ಎಂಜಿನ್ ಪಂಪಿಗೋ ಕುಂಟೆಗೋ ಹೋಗುತ್ತದೆ, ಚೌಕಟ್ಟು ತೂಕಕ್ಕೆ ಹೋಗುತ್ತದೆ. ಚರಿತ್ರೆಯ ವಿದ್ಯಾರ್ಥಿಗೆ ಉಳಿಯುವುದು ಯಾರದೋ ಮೊಬೈಲಿನ ಒಂದು ಚಿತ್ರ, ಅದೂ ಮೊಬೈಲ್ ಕೆಡುವವರೆಗೆ. ಸಾಕ್ಷ್ಯವೇ ಮತ್ತೆ ಬಿಡಿಭಾಗವಾಗುವ ಇಂಥ ಕ್ಷೇತ್ರ ಇನ್ನೊಂದಿಲ್ಲ.

1884ರ ಬಾಂಬೆ ಗೆಜೆಟಿಯರಿನ ಧಾರವಾಡ ಸಂಪುಟ ಈ ಸೀಮೆಯ ಒಕ್ಕಲುತನವನ್ನೂ ಕಸುಬುಗಳನ್ನೂ ವಿವರವಾಗಿ ದಾಖಲಿಸಿದೆ. ಕಂದಾಯದ ಲೆಕ್ಕಕ್ಕಾಗಿ ಬರೆಸಿದ್ದಾದರೂ ನಾವು ಇಂದು ಅದನ್ನೇ ಓದುತ್ತೇವೆ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ. ಹತ್ತಿರದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಕಸುಬುದಾರರ ಆಳೆತ್ತರದ ಪ್ರತಿಮೆಗಳನ್ನು ನೋಡಲು ಶಾಲಾ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಕಮ್ಮಾರನನ್ನು, ಚಕ್ಕಡಿಯನ್ನು ಪರಂಪರೆ ಎಂದು ಒಪ್ಪಲು ನಮಗೆ ಕಷ್ಟವಿಲ್ಲ, ಏಕೆಂದರೆ ಅವು ಹಿಂದೆ ಸರಿದಿವೆ. ಕಣ್ಣೆದುರಿನ ವೆಲ್ಡಿಂಗ್ ಅಂಗಡಿ ಅದೇ ಪರಂಪರೆಯ ಈ ತಲೆಮಾರು ಎಂದು ಒಪ್ಪುವುದು ಕಷ್ಟ. ಅದಕ್ಕೆ ಗ್ರೀಸಿನ ವಾಸನೆ ಇದೆ, ಆರ್‌ಟಿಒ ಭಯವೂ ಇದೆ.

ರಸ್ತೆಗೆ ಬಿಡಬೇಕೋ ಬೇಡವೋ ಎನ್ನುವುದು ಸಾರಿಗೆ ಇಲಾಖೆಯ ತೀರ್ಮಾನ. ದಾಖಲಿಸುವುದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ. ಎಂಜಿನ್ ಯಾವ ಬೈಕಿನದು, ಎಷ್ಟನೆಯ ಇಸವಿಯದು, ಡಿಫರೆನ್ಷಿಯಲ್ ಎಲ್ಲಿಂದ ಬಂತು, ರಿವರ್ಸಿಗೆ ಏನು ಮಾಡಿದರು, ಸ್ಪ್ರಾಕೆಟಿಗೆ ಎಷ್ಟು ಹಲ್ಲು, ಒಟ್ಟು ಎಷ್ಟು ಖರ್ಚು, ಯಾವ ಸಾಲಿನಲ್ಲಿ ಓಡಿತು, ಯಾವ ಏರಿನಲ್ಲಿ ನಿಂತಿತು. ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ, ಒಂದು ಕ್ಯಾಮೆರಾ ಇದ್ದರೆ ಸಾಕು. ಈ ಊರುಗಳ ಕಾಲೇಜುಗಳಲ್ಲಿ ಚರಿತ್ರೆ ಓದುತ್ತಿರುವ ಹುಡುಗ ಹುಡುಗಿಯರು ಶಾಸನ ಹುಡುಕಿ ಬಂಕಾಪುರಕ್ಕೂ ಬಳ್ಳಿಗಾವಿಗೂ ಹೋಗುತ್ತಾರೆ, ಹೋಗಬೇಕು. ಅದೇ ಹಾದಿಯಲ್ಲಿ ಸಿಗುವ ಲೇತ್ ಅಂಗಡಿಯ ಮುಂದೆಯೂ ಅರ್ಧ ಗಂಟೆ ನಿಲ್ಲಲಿ. ಕಲ್ಲು ಇನ್ನೂ ಸಾವಿರ ವರ್ಷ ಕಾಯುತ್ತದೆ. ಗುಜರಿಯವನ ತಕ್ಕಡಿ ಮುಂದಿನ ವಾರದವರೆಗೂ ಕಾಯುವುದಿಲ್ಲ.