ಪಾದದಡಿಯ ಪೆಟ್ಟಿಗೆಯೂ ಅದರ ವರ್ಣಾಲಂಕಾರವೂ

ವಾದ್ಯವನ್ನು ಕಾಲಿನಿಂದ ಸೋಕಬಾರದೆಂಬುದು ಕನ್ನಡನಾಡಿನ ಮನೆಗಳಲ್ಲಿ ಮಕ್ಕಳಿಗೆ ಮೊದಮೊದಲು ಕಲಿಸುವ ಮಾತುಗಳಲ್ಲೊಂದು. ಅಕಸ್ಮಾತ್ತಾಗಿ ತಂಬೂರಿಗೆ ಕಾಲು ತಗುಲಿದರೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಮುಂದೆ ಹೋಗುವವರು ವಿರಳ. ಇಂತಹ ಸಂಸ್ಕಾರವುಳ್ಳವರಿಗೆ, ಕಾಲಿನಿಂದ ಮೆಟ್ಟುವುದಕ್ಕೆಂದೇ ನಿರ್ಮಿತವಾದ ವಾದ್ಯೋಪಕರಣವೊಂದು ಉಂಟೆಂದೂ, ಅದನ್ನು ಮನೆಯಲ್ಲಿಯೇ ಕಟ್ಟುವ ಹವ್ಯಾಸಿಗಳು ದಿನಗಟ್ಟಲೆ ಕುಳಿತು ಅದಕ್ಕೆ ಬಣ್ಣವಿಟ್ಟು ಚಿತ್ರ ಬರೆಯುವರೆಂದೂ ಕೇಳಿದರೆ ಆಶ್ಚರ್ಯವಾಗದಿರದು. ಮೆಟ್ಟಿ ಮೆಟ್ಟಿ ಸವೆಯತಕ್ಕ ವಸ್ತುವಿಗೆ ಅಲಂಕಾರವೇತಕ್ಕೆ? ಈ ಪ್ರಶ್ನೆಗೆ ಉತ್ತರವನ್ನು ಆ ಪೆಟ್ಟಿಗೆಯ ಚರಿತ್ರೆಯಲ್ಲಿಯೇ ಹುಡುಕಬೇಕು.

ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವು ಅಯಸ್ಕಾಂತವನ್ನು ಸುತ್ತಿದ ತಾಮ್ರದ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ತಂತಿಯ ಮೂಲಕ ಧ್ವನಿವರ್ಧಕಕ್ಕೆ ಹೋಗಿ ನಾದವಾಗಿ ಹೊರಡುವುದು. ಈ ಎರಡರ ನಡುವೆ ಸಣ್ಣದೊಂದು ಪೆಟ್ಟಿಗೆಯನ್ನಿರಿಸಿದರೆ ಅದರೊಳಗಣ ಮಂಡಲವು ನಾದವನ್ನು ಒರಟಾಗಿಸಬಲ್ಲದು, ಪ್ರತಿಧ್ವನಿಸಬಲ್ಲದು, ಅಲೆಯಂತೆ ತೂಗಾಡಿಸಬಲ್ಲದು. ವಾದಕನ ಎರಡು ಕೈಗಳೂ ವಾದ್ಯದಲ್ಲಿ ತೊಡಗಿರುವುದರಿಂದ ಈ ಪೆಟ್ಟಿಗೆಯನ್ನು ನಡೆಸುವ ಕೆಲಸವು ಕಾಲಿಗೆ ಬಿದ್ದಿತು. ಆದುದರಿಂದಲೇ ಇದಕ್ಕೆ ಪೆಡಲೆಂದು ಹೆಸರು.

ಇದರ ಜನ್ಮಕಥೆಯು ವಿನೋದವಾಗಿದೆ. ಅಮೆರಿಕದ ನ್ಯಾಷ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕರ ಗೀತೆಯೊಂದನ್ನು ಮುದ್ರಿಸುವಾಗ ಯಂತ್ರದ ಒಂದು ಭಾಗವು ಕೆಟ್ಟು, ಗ್ರೇಡಿ ಮಾರ್ಟಿನ್ ಎಂಬವರ ವಾದನವು ಗೊರಗೊರನೆ ಕೇಳಿಬಂದಿತು. ಆ ದೋಷವನ್ನು ಅಳಿಸದೆ ಹಾಗೆಯೇ ಉಳಿಸಿದರು. 1961ರಲ್ಲಿ ಪ್ರಕಟವಾದ ಆ ಗೀತೆಯು ಜನಪ್ರಿಯವಾಗಲು, ಮುದ್ರಣದ ಶಿಲ್ಪಿಯಾಗಿದ್ದ ಗ್ಲೆನ್ ಸ್ನಾಡಿಯವರು ಆ ದೋಷವನ್ನು ಬೇಕೆಂದಾಗ ಹುಟ್ಟಿಸುವ ಟ್ರಾನ್ಸಿಸ್ಟರಿನ ಮಂಡಲವನ್ನು ರಚಿಸಿದರು. ಗಿಬ್ಸನ್ ಸಂಸ್ಥೆಯು 1962ರಲ್ಲಿ ಅದನ್ನು ಮ್ಯಾಸ್ಟ್ರೋ ಫಜ್-ಟೋನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಬೆಣೆಯ ಆಕಾರದ, ಕಂದು ಬಣ್ಣದ, ಆಡಂಬರವಿಲ್ಲದ ಪೆಟ್ಟಿಗೆಯದು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಮೇಳದ ಕೀತ್ ರಿಚರ್ಡ್ಸ್ ಅವರು 'ಸ್ಯಾಟಿಸ್‌ಫ್ಯಾಕ್ಷನ್' ಗೀತೆಯಲ್ಲಿ ಇದನ್ನು ಬಳಸಿದ ಮೇಲೆ ಎಲ್ಲರೂ ಇದನ್ನು ಬಯಸುವವರಾದರು.

ಅದೇ 1965ರಲ್ಲಿ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ಎಂಬವರು ಟೋನ್ ಬೆಂಡರ್ ಎಂಬ ಪೆಡಲನ್ನು ನಿರ್ಮಿಸಿದರು. ಮೊದಲ ಕೆಲವು ಪೆಟ್ಟಿಗೆಗಳು ಮರದವು. ಅನಂತರ ತಗಡಿಗೆ ಬಂದವು. 1966ರಲ್ಲಿ ಐವರ್ ಆರ್ಬಿಟರ್ ಅವರ ಸಂಸ್ಥೆಯು ಫಜ್ ಫೇಸ್ ಎಂಬುದನ್ನು ಹೊರತಂದಿತು. ಧ್ವನಿಗ್ರಾಹಕವನ್ನು ನಿಲ್ಲಿಸುವ ಕಂಬದ ದುಂಡನೆಯ ಪೀಠವನ್ನು ನೋಡಿ ಇದರ ಆಕಾರವನ್ನು ಕಲ್ಪಿಸಿದರಂತೆ. ಎರಡು ಗುಂಡಿಗಳು ಕಣ್ಣುಗಳಾಗಿಯೂ, ಕೆಳಗೆ ಬಾಗಿಸಿ ಬರೆದ ಅಕ್ಷರಗಳು ನಗುವ ಬಾಯಾಗಿಯೂ ಕಾಣುವಂತೆ ಅದನ್ನು ರೂಪಿಸಿದ್ದರು. ಕೇವಲ ಕವಚವಾಗಿದ್ದ ಪೆಟ್ಟಿಗೆಗೆ ಇಲ್ಲಿ ಮುಖ ಬಂದಿತು. ಅಲಂಕಾರದ ಚರಿತ್ರೆಯಲ್ಲಿ ಇದನ್ನು ಮೊದಲನೆಯ ಮೆಟ್ಟಿಲೆಂದು ಎಣಿಸಬಹುದು.

ಎರಡನೆಯ ಮೆಟ್ಟಿಲು ಜಪಾನಿನದು. ಅಲ್ಲಿನ ಬಾಸ್ ಸಂಸ್ಥೆಯು 1977ರಲ್ಲಿ ಒಂದೇ ಅಚ್ಚಿನ ಪುಟ್ಟ ಪೆಡಲುಗಳನ್ನು ಹೊರಡಿಸಿ, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಒಂದಕ್ಕೆ ಕೆಂಪು ಎಂದು ಬಣ್ಣ ಕೊಟ್ಟಿತು. ಮಂದಬೆಳಕಿನ ರಂಗದ ಮೇಲೆ ಕಾಲಬುಡದಲ್ಲಿ ನಾಲ್ಕಾರು ಪೆಟ್ಟಿಗೆಗಳಿರುವಾಗ ಹೆಸರನ್ನೋದಲು ಯಾರಿಗೂ ಸಮಯವಿರದು, ಬಣ್ಣವೇ ಹೆಸರಾಗಬೇಕು. ಯಕ್ಷಗಾನದಲ್ಲಿ ವೇಷದ ಬಣ್ಣವನ್ನು ಕಂಡೊಡನೆ ಪಾತ್ರದ ಗುಣವು ಸಭೆಗೆ ತಿಳಿಯುವಂತೆ, ಇಲ್ಲಿ ಬಣ್ಣವನ್ನು ಕಂಡೊಡನೆ ನಾದದ ಗುಣವು ವಾದಕನಿಗೆ ತಿಳಿಯತೊಡಗಿತು.

ಮನೆಯಲ್ಲಿ ಪೆಡಲು ಕಟ್ಟುವವರ ಪರಂಪರೆಯು ಇದರ ಜೊತೆಜೊತೆಯಲ್ಲಿಯೇ ಬೆಳೆಯಿತು. 1975ರಲ್ಲಿ ಕ್ರೇಗ್ ಆಂಡರ್ಟನ್ ಅವರು ಸಂಗೀತಗಾರರಿಗಾಗಿ ಬರೆದ ವಿದ್ಯುನ್ಮಂಡಲಗಳ ಕೈಪಿಡಿಯು ಅನೇಕರಿಗೆ ಬೆಸುಗೆಯ ಕಡ್ಡಿಯನ್ನು ಹಿಡಿಯಲು ಧೈರ್ಯ ಕೊಟ್ಟಿತು. ಪೆಟ್ಟಿಗೆಯ ಕೊರತೆಯನ್ನು ತುಂಬಿದುದು ಎರಕದ ಅಲ್ಯೂಮಿನಿಯಂ. ಕೆನಡಾ ದೇಶದ ಗ್ವೆಲ್ಫ್ ಪಟ್ಟಣದ ಹ್ಯಾಮಂಡ್ ಸಂಸ್ಥೆಯು ಯಾವ ಯಂತ್ರಕ್ಕಾದರೂ ಒದಗಲೆಂದು ಮಾಡುವ ಬರಿಯ ಪೆಟ್ಟಿಗೆಗಳಲ್ಲಿ, ಸುಮಾರು 112 ಮಿಲಿಮೀಟರು ಉದ್ದ, 60 ಅಗಲ, 31 ಎತ್ತರದ ಒಂದು ಅಳತೆಯು ಹವ್ಯಾಸಿಗಳಿಗೆ ಪ್ರಿಯವಾಯಿತು. ಮಂಡಲವು ಹಿರಿಯರಿಂದ ಬಂದುದು, ಪೆಟ್ಟಿಗೆಯು ಅಂಗಡಿಯಿಂದ ಬಂದುದು. ಹಾಗಾದರೆ ಕಟ್ಟಿದವನದೆಂದು ಹೇಳಿಕೊಳ್ಳತಕ್ಕುದು ಯಾವುದು? ಅವನ ಬೆಸುಗೆಯ ಶುದ್ಧಿಯು ಮುಚ್ಚಳದೊಳಗೆ ಅಡಗಿಹೋಗುವುದು. ಕಣ್ಣಿಗೆ ಬೀಳುವುದು ಹೊರಮೈಯೊಂದೇ. ಅಲ್ಲಿ ಅವನು ತನ್ನ ಅಂಕಿತವನ್ನಿಡುತ್ತಾನೆ. ಪೆಡಲಿಗೆ ಪರಿಹಾಸದ ಹೆಸರನ್ನು ಕಟ್ಟಿ, ಹೂಬಳ್ಳಿಯನ್ನೋ ಹುಲಿಯನ್ನೋ ಬರೆಯುತ್ತಾನೆ.

ಈ ಕೆಲಸವು ನೋಡಿದಷ್ಟು ಸುಲಭವಲ್ಲ. ಗುಂಡಿಗೂ ಸ್ವಿಚ್ಚಿಗೂ ಬೇಕಾದ ರಂಧ್ರಗಳನ್ನು ಬಣ್ಣಕ್ಕೆ ಮೊದಲೇ ಬೈರಿಗೆಯಿಂದ ಕೊರೆದು ಅರದಿಂದ ಅಂಚನ್ನು ತೀಡಬೇಕು. ಬಣ್ಣದ ಮೇಲೆ ಕೊರೆದರೆ ಅದು ಚಕ್ಕೆಯೇಳುತ್ತದೆ. ಅಲ್ಯೂಮಿನಿಯಂ ಗಾಳಿಗೆ ಸೋಕಿದೊಡನೆ ತನ್ನ ಮೇಲೆ ತಾನೇ ತೆಳುವಾದ ಪೊರೆಯನ್ನು ಹೊದೆದುಕೊಳ್ಳುವುದರಿಂದ ಬಣ್ಣವು ಅದಕ್ಕೆ ಸುಲಭವಾಗಿ ಹಿಡಿಯದು. ಆದುದರಿಂದ ಉಪ್ಪುಕಾಗದದಿಂದ ಉಜ್ಜಿ, ಜಿಡ್ಡನ್ನು ತೊಳೆದು, ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರನ್ನು ಮೊದಲು ಬಳಿಯುತ್ತಾರೆ. ಮೇಲಣ ಬಣ್ಣವನ್ನು ತೆಳುವಾಗಿ ಹಲವು ಸಲ ಕೊಡಬೇಕು. ಆತುರದಿಂದ ಒಮ್ಮೆಗೇ ದಪ್ಪನಾಗಿ ಸುರಿದರೆ ಇಳಿದು ಗೆರೆಗಟ್ಟುವುದು. ಚಿತ್ರವನ್ನು ಕೆಲವರು ಕುಂಚದಿಂದ ಬರೆಯುವರು. ಕೆಲವರು ತೆಳುಪೊರೆಯ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ, ಮೆಲ್ಲನೆ ಜಾರಿಸಿ ಅಂಟಿಸುವರು. ಇನ್ನು ಕೆಲವರು ಉಳಿಯಬೇಕಾದ ಭಾಗವನ್ನು ಮಸಿಯಿಂದ ಮರೆಮಾಡಿ, ಮಿಕ್ಕುದನ್ನು ಫೆರಿಕ್ ಕ್ಲೋರೈಡ್ ದ್ರಾವಣದಿಂದ ಕೊರೆಯಿಸಿ, ಆ ತಗ್ಗುಗಳಲ್ಲಿ ಕಪ್ಪು ಬಣ್ಣವನ್ನು ತುಂಬುವರು. ಅಲ್ಯೂಮಿನಿಯಂ ಸೋಕಿದಾಗ ಆ ದ್ರಾವಣವು ಕಾದು ಹೊಗೆಯೇಳುವುದರಿಂದ ಅದು ಬಯಲಿನಲ್ಲಿ ಎಚ್ಚರದಿಂದ ಮಾಡತಕ್ಕ ಕೆಲಸ. ಕಡೆಗೆ ಎಲ್ಲದರ ಮೇಲೆಯೂ ಪಾರದರ್ಶಕವಾದ ವಾರ್ನಿಷ್. ಅದು ಪೂರ್ಣವಾಗಿ ಒಣಗುವವರೆಗೆ ಕಾಯಲಾರದೆ ಗುಂಡಿಗಳನ್ನು ಬಿಗಿದು, ವಾರದ ಶ್ರಮವನ್ನು ಹೆಬ್ಬೆರಳಿನ ಗುರುತಿನಿಂದ ಕೆಡಿಸಿಕೊಂಡವರು ಈ ಹವ್ಯಾಸದಲ್ಲಿ ಹಲವರು.

ಇಷ್ಟಾದರೂ ಈ ಅಲಂಕಾರಕ್ಕೆ ಒಂದು ಎಲ್ಲೆಯುಂಟು. ಪೆಟ್ಟಿಗೆಯು ಲೋಹದ್ದಾಗಿರುವುದು ಗಟ್ಟಿತನಕ್ಕಾಗಿ ಮಾತ್ರವಲ್ಲ. ಗಿಟಾರಿನ ವಿದ್ಯುತ್ತು ಅತಿ ಕ್ಷೀಣವಾದುದು. ಅದನ್ನು ಹಲವು ಪಟ್ಟು ಹಿಗ್ಗಿಸುವ ಮಂಡಲವು ಮನೆಯ ದೀಪದ ತಂತಿಗಳ ಗುಂಯ್‌ಗುಟ್ಟುವಿಕೆಯನ್ನೂ ಹಿಗ್ಗಿಸಿಬಿಡುತ್ತದೆ. ಮಂಡಲದ ಭೂಸಂಪರ್ಕದೊಡನೆ ಕೂಡಿದ ಲೋಹದ ಕವಚವು ಆ ಉಪದ್ರವವನ್ನು ಹೊರಗೇ ತಡೆಯುವುದು. ಮೈಕೇಲ್ ಫ್ಯಾರಡೆಯವರು 1836ರಲ್ಲಿ ಲೋಹದ ಪಂಜರದಿಂದ ತೋರಿಸಿದ ತತ್ತ್ವವೇ ಇದು. ಈ ಸಂಬಂಧವು ಸಾಮಾನ್ಯವಾಗಿ ತಂತಿಯನ್ನು ಸಿಕ್ಕಿಸುವ ಜ್ಯಾಕಿನ ಲೋಹವು ಪೆಟ್ಟಿಗೆಯ ಒಳಮೈಯನ್ನು ಒತ್ತಿ ಮುಟ್ಟುವುದರಿಂದ ಏರ್ಪಡುತ್ತದೆ. ಬಣ್ಣವಾದರೋ ವಿದ್ಯುತ್ತಿಗೆ ಅಡ್ಡಿ. ಉತ್ಸಾಹದಿಂದ ಒಳಗೂ ಹೊರಗೂ ಬಣ್ಣ ಬಳಿದವನ ಪೆಡಲು ನೋಟಕ್ಕೆ ಸುಂದರವಾಗಿಯೂ ಕೇಳಲು ಜೇನುಗೂಡಿನಂತೆಯೂ ಆಗುವುದುಂಟು. ಆಗ ಅವನು ಅದನ್ನು ಬಿಚ್ಚಿ, ಜ್ಯಾಕು ಕೂರುವೆಡೆಯಲ್ಲಿ ಬಣ್ಣವನ್ನು ಕೆರೆದು ಲೋಹವನ್ನು ಹೊರಪಡಿಸಬೇಕು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದೂ, ಅಲಂಕಾರವು ತಕ್ಕ ಸ್ಥಾನದಲ್ಲಿದ್ದರೆ ಮಾತ್ರ ಅಲಂಕಾರವೆಂದೂ ಪ್ರತಿಪಾದಿಸಿದನು. ಆ ತತ್ತ್ವಕ್ಕೆ ಇಷ್ಟು ಪ್ರತ್ಯಕ್ಷವಾದ ಪ್ರಮಾಣವು ದೊರೆಯುವುದು ಅಪರೂಪ: ಬಳಿದ ಬಣ್ಣದಷ್ಟೇ ಬಳಿಯದೆ ಬಿಟ್ಟ ಎಡೆಯೂ ಇಲ್ಲಿ ಕುಶಲತೆಯ ಗುರುತು.

ಹೊರಗಣ ಚೆಲುವಿಗೂ ಒಳಗಣ ವಿದ್ಯೆಗೂ ಇರುವ ಸಂಬಂಧವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. 1994ರಲ್ಲಿ ಅಮೆರಿಕದ ಬಿಲ್ ಫಿನೆಗನ್ ಎಂಬವರು ಕ್ಲಾನ್ ಸೆಂಟಾರ್ ಎಂಬ ಪೆಡಲನ್ನು ಮಾರಾಟಕ್ಕೆ ತಂದರು. ಅದರ ಹೆಸರಿನ ಸೆಂಟಾರನು ಅರ್ಧ ಕುದುರೆ, ಅರ್ಧ ಮನುಷ್ಯನಾದ ಗ್ರೀಕರ ಪುರಾಣಪುರುಷ. ನಮ್ಮ ಪುರಾಣಗಳ ಗಾನನಿಪುಣರಾದ ಕಿನ್ನರರನ್ನು ನೆನಪಿಗೆ ತರತಕ್ಕವನು. ಹಲವು ಪೆಟ್ಟಿಗೆಗಳ ಮೇಲೆ ಅವನ ಚಿತ್ರವೂ ಇತ್ತು. ಒಳಗಣ ಮಂಡಲವನ್ನಾದರೋ ಯಾರೂ ಅನುಕರಿಸದಂತೆ ಗಟ್ಟಿಯಾದ ರಾಳದಿಂದ ಮುಚ್ಚಿದ್ದರು. ಕಾಲಾಂತರದಲ್ಲಿ ಹವ್ಯಾಸಿಗಳು ಆ ರಾಳವನ್ನು ಬಿಡಿಸಿ ಒಳಗಣ ರಚನೆಯನ್ನು ಗುರುತಿಸಿದರು. ಮಂಡಲವು ಎಲ್ಲರ ಸೊತ್ತಾಯಿತು. ಇನ್ನೊಂದು ಉದಾಹರಣೆಯು ಮಿನಿಯಾಪೊಲಿಸ್ ನಗರದ ಜ್ಯಾಕರಿ ವೆಕ್ಸ್ ಅವರದು. 1990ರ ದಶಕದಲ್ಲಿ ಅವರ ಸಂಸ್ಥೆಯು ಪೆಡಲುಗಳಿಗೆ ಒಂದೊಂದಾಗಿ ಕೈಯಿಂದಲೇ ಬಣ್ಣ ಹಾಕಿಸಿ ಮಾರತೊಡಗಿತು. ಒಂದೇ ಮಾದರಿಯ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕುಂಚದ ಓಟವು ಎರಡರಲ್ಲಿಯೂ ಬೇರೆ. ಕಾರ್ಖಾನೆಯನ್ನು ನೋಡಿ ಮನೆಯವರು ಕಲಿಯುವುದು ಲೋಕರೂಢಿ. ಇಲ್ಲಿ ಮನೆಗೆಲಸದ ಲಕ್ಷಣವನ್ನು ಮಾರುಕಟ್ಟೆಯು ಬೆಲೆಯುಳ್ಳದ್ದೆಂದು ಒಪ್ಪಿಕೊಂಡಿತು. ರಾಳದಿಂದ ಮುಚ್ಚಿದ ವಿದ್ಯೆಯನ್ನು ಬಿಡಿಸಿ ತಿಳಿಯಬಹುದಾಯಿತು. ಒಂದು ಕೈಯ ಗೆರೆಯನ್ನು ಇನ್ನೊಂದು ಕೈಯು ಹಾಗೆಯೇ ಎಳೆಯಲಾರದು.

ಇನ್ನು ಮೊದಲಿನ ಪ್ರಶ್ನೆಯು ಉಳಿದಿದೆ. ಪೆಡಲಿನ ಬಣ್ಣವು ಸವೆಯುವುದು ನಿಶ್ಚಯ. ಸ್ವಿಚ್ಚಿನ ಸುತ್ತಲೂ ಪಾದರಕ್ಷೆಯು ತಾಗಿ ವಾರ್ನಿಷ್ ಹೋಗಿ, ಚಿತ್ರ ಹೋಗಿ, ಕೊನೆಗೆ ಬೆಳ್ಳನೆಯ ಲೋಹವೇ ಕಾಣುವುದು. ಇದನ್ನು ಬಲ್ಲವನೇ ಬಣ್ಣ ಹಾಕುತ್ತಾನೆ. ಕನ್ನಡನಾಡಿನ ಗೃಹಿಣಿಯೂ ಬೆಳಗಿನ ಜಾವದಲ್ಲಿ ಅಂಗಳವನ್ನು ಸಾರಿಸಿ, ಚುಕ್ಕೆಯಿಟ್ಟು, ಎಳೆ ಎಳೆದು, ಹೊಸಿಲ ಮುಂದೆ ರಂಗೋಲಿಯನ್ನಿಡುತ್ತಾಳೆ. ಹೊತ್ತೇರುವುದರೊಳಗೆ ಬಂದು ಹೋಗುವವರ ಕಾಲುಗಳಿಂದ ಅದು ಅರ್ಧ ಅಳಿಸಿಹೋಗುವುದೆಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ. ಅಳಿಸಿದ ರಂಗೋಲಿಯು ಆ ಮನೆಗೆ ಜನ ಬಂದರೆಂಬುದಕ್ಕೆ ಸಾಕ್ಷಿ. ಸವೆದ ಬಣ್ಣವು ಆ ಪೆಟ್ಟಿಗೆಯು ಹಾಡಿತೆಂಬುದಕ್ಕೆ ಸಾಕ್ಷಿ. ಬಣ್ಣ ಮಾಸದೆ ಕಪಾಟಿನಲ್ಲಿ ಕುಳಿತ ಪೆಡಲನ್ನು ಕಟ್ಟಿದವನೂ ಬಹಳ ದಿನ ಮೆಚ್ಚಿ ನೋಡಲಾರನು.