ಗುಳಿಗೆಯ ಬಿಡುವಿನ ದಿನಗಳು

ದಿನ ತಪ್ಪಿದರೆ ಒಂದು ದಿಗಿಲು, ದಿನವಲ್ಲದ ದಿನ ರಕ್ತ ಕಂಡರೆ ಇನ್ನೊಂದು. ಗರ್ಭನಿರೋಧಕ ಗುಳಿಗೆ ನುಂಗುವ ಹೆಂಗಸರಿಗೆ ಈ ಎರಡೂ ಗೊತ್ತು. ನಮ್ಮ ಸ್ಟಾಫ್ ರೂಮಿನಲ್ಲೂ ಈ ಮಾತು ಬಂದಾಗ ದನಿ ತಗ್ಗುತ್ತದೆ. ಆದರೆ ಗುಳಿಗೆಗೆ ಇಂದಿನ ರೂಪ ಬಂದದ್ದೇ ಈ ದಿಗಿಲಿನಿಂದ ಎಂಬ ಸಂಗತಿ ಹೆಚ್ಚು ಜನಕ್ಕೆ ತಿಳಿದಿಲ್ಲ.

1950ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ಬಳಿ ಡಾ. ಜಾನ್ ರಾಕ್ ಅವರು ಮಕ್ಕಳಾಗದ ಹೆಂಗಸರಿಗೆ ಹಾರ್ಮೋನು ಕೊಟ್ಟು ನೋಡುತ್ತಿದ್ದರು. ಬಿಡುವಿಲ್ಲದೆ ಕೊಟ್ಟಾಗ ಅವರ ಮುಟ್ಟು ನಿಂತಿತು, ವಾಕರಿಕೆ ಬಂತು. ಬಸಿರಾದೆವೆಂದೇ ಅವರು ನಂಬಿದರು. ಹಾಗಲ್ಲವೆಂದು ತಿಳಿದಾಗ ಅವರಿಗಾದ ಸಂಕಟವನ್ನು ನಾವು ಊಹಿಸಬಲ್ಲೆವು. ಆಗ ವಿಜ್ಞಾನಿ ಗ್ರೆಗರಿ ಪಿಂಕಸ್ ಒಂದು ದಾರಿ ಸೂಚಿಸಿದರು: 20 ದಿನ ಔಷಧಿ, ಆಮೇಲೆ ಕೆಲವು ದಿನ ಬಿಡುವು. ಬಿಡುವಿನಲ್ಲಿ ರಕ್ತ ಕಾಣುತ್ತದೆ, ಬಸಿರಲ್ಲವೆಂದು ಮನಸ್ಸಿಗೆ ಸಮಾಧಾನವಾಗುತ್ತದೆ. ನಮ್ಮ ಮಾಲಾ-ಎನ್ ಪ್ಯಾಕೆಟ್ಟಿನಲ್ಲಿ 21 ಹಾರ್ಮೋನಿನ ಗುಳಿಗೆ, 7 ಕಬ್ಬಿಣಾಂಶದ ಗುಳಿಗೆ ಇರುವುದೂ ಅದೇ ಏರ್ಪಾಡಿನ ಮುಂದುವರಿಕೆ. ಆಗ ಕಾಣುವುದು ಸಹಜವಾದ ಮುಟ್ಟಲ್ಲ; ಹಾರ್ಮೋನು ನಿಂತದ್ದರಿಂದ ಗರ್ಭಕೋಶದ ಒಳಪದರ ಕಳಚಿಕೊಳ್ಳುವುದು.

ನಡುನಡುವೆ ಕಾಣುವ ರಕ್ತದ ಕತೆಯೂ ಅಷ್ಟೇ ಹಳೆಯದು. ಮೊದಲು ತಯಾರಿಸಿದ ಔಷಧಿಯಲ್ಲಿ ಈಸ್ಟ್ರೋಜನ್ ಅಂಶ ತಿಳಿಯದೆಯೇ ಸ್ವಲ್ಪ ಬೆರೆತಿತ್ತು. ಅದನ್ನು ಶುದ್ಧಿ ಮಾಡಿ ತೆಗೆದಾಗ ನಡುವಿನ ರಕ್ತಸ್ರಾವ ಹೆಚ್ಚಾಯಿತು. ಹಾಗಾಗಿ ಬೇಕೆಂದೇ ಅದನ್ನು ಮತ್ತೆ ಸೇರಿಸಿದರು.

1956ರಲ್ಲಿ ಪೋರ್ಟೊ ರಿಕೋ ದ್ವೀಪದ ಬಡ ಹೆಂಗಸರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಇದು ಪ್ರಯೋಗವೆಂದು ಅವರಿಗೆ ಹೇಳಿರಲಿಲ್ಲ. ತಲೆಸುತ್ತು, ವಾಂತಿ, ತಲೆನೋವು ಎಂದು ಶೇಕಡಾ 17ರಷ್ಟು ಜನ ದೂರಿದರು. ಅಲ್ಲಿದ್ದ ವೈದ್ಯೆ ಎಡ್ರಿಸ್ ರೈಸ್-ರೇ ಈ ತೊಂದರೆಗಳು ಅತಿಯಾದವೆಂದು ಬರೆದರೂ ಪಿಂಕಸ್ ಅದರಲ್ಲಿ ಬಹುಪಾಲು ಮನಸ್ಸಿನದೆಂದರು. 1960ರಲ್ಲಿ ಗರ್ಭನಿರೋಧಕ್ಕೆಂದು ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 1970ರಲ್ಲಿ ಅಲ್ಲಿನ ಸೆನೆಟ್ ಗುಳಿಗೆಯ ಅಪಾಯಗಳ ವಿಚಾರಣೆ ನಡೆಸಿದಾಗ ನುಂಗಿದ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಕೂತಿದ್ದ ಹೆಂಗಸರೇ ಎದ್ದು ಕೂಗಿ ಕೇಳಿದರು. ಪ್ಯಾಕೆಟ್ಟಿನೊಳಗೆ ಮಾಹಿತಿ ಕಾಗದ ಇಡಬೇಕೆಂಬ ಆಜ್ಞೆ ಆ ವರ್ಷವೇ ಬಂತು.

ನಮ್ಮಲ್ಲೂ 1986ರಲ್ಲಿ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆ ಮತ್ತು ಇತರರು ನೆಟ್-ಎನ್ ಚುಚ್ಚುಮದ್ದಿನ ಪ್ರಯೋಗದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಎಂಬ ಬೇರೊಂದು ಚುಚ್ಚುಮದ್ದು ಬಂತು. ಇದನ್ನು ತೆಗೆದುಕೊಂಡವರಿಗೆ ಮುಟ್ಟು ಏರುಪೇರಾಗುವುದು, ನಿಂತೇ ಹೋಗುವುದು ಸಾಮಾನ್ಯ. ಇದನ್ನು ಸೂಜಿ ಚುಚ್ಚುವ ಮೊದಲೇ ಹೇಳಿದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ಗುಳಿಗೆ ಶುರುಮಾಡಿದ ಮೊದಲ ಮೂರು ತಿಂಗಳು ನಡುನಡುವೆ ರಕ್ತದ ಕಲೆ ಕಂಡರೆ ಗಾಬರಿಯಿಂದ ನಿಲ್ಲಿಸಬೇಕಿಲ್ಲ. ಗುಳಿಗೆ ಮರೆತು, ಬಿಡುವಿನಲ್ಲಿ ರಕ್ತವೂ ಕಾಣದಿದ್ದರೆ ಮೂತ್ರ ಪರೀಕ್ಷೆ ಮಾಡಿಸಬೇಕು. ರಕ್ತ ಹೆಚ್ಚು ಹೋದರೆ, ಹೊಟ್ಟೆನೋವು ಜೋರಾದರೆ, ಮೂರು ತಿಂಗಳಾದರೂ ಸರಿಹೋಗದಿದ್ದರೆ ಡಾಕ್ಟರ ಬಳಿ ಹೋಗಬೇಕು. ಅವರು "ಏನೂ ಇಲ್ಲಮ್ಮ" ಎಂದರೆ ಎದ್ದು ಬರದೆ, ಯಾಕೆ ಹೀಗಾಗುತ್ತದೆಂದು ಕೇಳಬೇಕು. ಆ ಕಾಗದವೂ ಹೆಂಗಸರು ಕೇಳಿದ್ದರಿಂದಲೇ ಪ್ಯಾಕೆಟ್ಟಿಗೆ ಬಂತು.