ಬೀದರ ಕೋಟೆಯ ವಸ್ತುಸಂಗ್ರಹಾಲಯ ಮತ್ತು ಅಫನಾಸಿ ನಿಕಿತಿನನ ಬರಹ

ಬೀದರ ಕೋಟೆಯ ವಸ್ತುಸಂಗ್ರಹಾಲಯವಿರುವುದು ಹದಿನಾರು ಕಂಬದ ಮಸೀದಿಗೆ ಸಮೀಪದ ಹಳೆಯ ಶಾಹಿ ಹಮಾಮಿನಲ್ಲಿ, ಎಂದರೆ ಅರಮನೆಯ ಸ್ನಾನಗೃಹದಲ್ಲಿ. ಚಿದ್ರಿಯ ಕಡೆಯಿಂದ ಹಳೆಯ ಊರನ್ನು ಹಾದು ಬರುವವರಿಗೆ ಮೊದಲು ಚೌಬಾರಾ, ಅನಂತರ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದ್ರಸಾ, ಆಮೇಲೆ ಕೋಟೆಯ ಬಾಗಿಲುಗಳು ಎದುರಾಗುತ್ತವೆ. ಸಂಗ್ರಹಾಲಯ ದೊಡ್ಡದಲ್ಲ. ಭಗ್ನಗೊಂಡ ದೇವಶಿಲ್ಪಗಳನ್ನೂ ಹಳೆಯ ಆಯುಧಗಳನ್ನೂ ನೋಡಿ ಹೊರಬರಲು ಹೆಚ್ಚು ಹೊತ್ತು ಬೇಡ. ಅಲ್ಲಿಗೆ ಹೋಗುವ ಗುರುವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಪ್ರಶ್ನೆಯನ್ನು ಕೇಳುತ್ತಾರೆ: ಇದರಲ್ಲಿ ಕ್ರೈಸ್ತರಿಗೆ ಸಂಬಂಧಪಟ್ಟದ್ದು ಏನಿದೆ?

ಪ್ರಶ್ನೆ ಸಹಜ, ಆದರೆ ಅದರ ಹಿಂದೆ ಒಂದು ತಪ್ಪು ಗ್ರಹಿಕೆಯಿದೆ. ಶಿಲುಬೆಯ ಗುರುತಿರುವ ಕಲ್ಲು ದೊರೆತರೆ ಮಾತ್ರ ಅದು ಧರ್ಮಸಭೆಯ ಚರಿತ್ರೆ ಎಂದು ನಾವು ಭಾವಿಸಿಕೊಂಡಿದ್ದೇವೆ. ಕಲ್ಲು ಮತ್ತು ಲೋಹ ಅರಸರನ್ನು, ದೇವರುಗಳನ್ನು, ಯುದ್ಧಗಳನ್ನು ನೆನಪಿಡುತ್ತವೆ. ಜನರು ಏನು ಉಂಡರು, ಹೇಗೆ ಪ್ರಾರ್ಥಿಸಿದರು, ಪರದೇಶಿಯ ಕಣ್ಣಿನಿಂದ ಯಾವುದನ್ನು ಮರೆಮಾಡಿದರು ಎಂಬುದು ಜನಜೀವನದ ಅಧ್ಯಯನಕ್ಕೆ ಸೇರಿದ ವಿಷಯ. ಅದಕ್ಕೆ ಬೇರೆ ಬಗೆಯ ಸಾಕ್ಷ್ಯ ಬೇಕು. ಬಹಮನಿ ಕಾಲದ ಬೀದರಿಗೆ ಸಂಬಂಧಿಸಿದಂತೆ ಅಂತಹ ಸಾಕ್ಷ್ಯವನ್ನು ಬರೆದಿಟ್ಟವರಲ್ಲಿ ಒಬ್ಬನು ಕ್ರೈಸ್ತ: ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್.

ಅವನು ಇಲ್ಲಿಗೆ ಬಂದದ್ದು 1470ರ ಆಸುಪಾಸಿನಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕಿಂತ ಕಾಲು ಶತಮಾನಕ್ಕೂ ಮೊದಲು. ಸಂತ ತೋಮರಿಂದ ನೇರವಾಗಿ ಪೋರ್ಚುಗೀಸರಿಗೆ ಜಿಗಿಯುವ ನಮ್ಮ ಪಾಠಕ್ರಮದಲ್ಲಿ ಅವನಿಗೆ ಸ್ಥಳವಿಲ್ಲ. ಅವನು ಧರ್ಮಪ್ರಚಾರಕನಲ್ಲ, ಯಾಜಕನೂ ಅಲ್ಲ. ಕುದುರೆ ಮಾರಲು ಬಂದವನು. ದಾರಿಯಲ್ಲಿ, ವೋಲ್ಗಾ ನದಿ ಸಮುದ್ರವನ್ನು ಸೇರುವೆಡೆ, ತಾರ್ತಾರರ ಕೈಯಲ್ಲಿ ಲೂಟಿಗೊಳಗಾದಾಗ ಅವನ ಪುಸ್ತಕಗಳೂ ಹೋದವು. ಹೊರ್ಮುಜಿನಿಂದ ಹಡಗಿನಲ್ಲಿ ಚೌಲಿಗೆ ಬಂದು, ಅಲ್ಲಿಂದ ಜುನ್ನರಿಗೆ ಹೋದ. ಅಲ್ಲಿಯ ಅಧಿಕಾರಿ ಅಸದ್ ಖಾನನು ಅವನ ಕುದುರೆಯನ್ನು ಕಸಿದುಕೊಂಡು, ಇಸ್ಲಾಮನ್ನು ಸ್ವೀಕರಿಸಿದರೆ ಕುದುರೆಯನ್ನೂ ಸಾವಿರ ಹೊನ್ನನ್ನೂ ಕೊಡುವುದಾಗಿ ಹೇಳಿ ನಾಲ್ಕು ದಿನಗಳ ಗಡುವು ವಿಧಿಸಿದ. ಅವನನ್ನು ಆ ಸಂಕಟದಿಂದ ಬಿಡಿಸಿದವನು ಖೊರಾಸಾನದ ಮಹಮ್ಮದ್ ಎಂಬ ಒಬ್ಬ ಮುಸಲ್ಮಾನನೇ. ಕುದುರೆ ಮಾರಾಟವಾದದ್ದು ಬೀದರಿನಲ್ಲಿ.

ಈಗ ನಾವು ಸುಲಭವಾಗಿ ಹೊಕ್ಕುಬರುವ ಅರಮನೆಯ ಆವರಣವನ್ನು ನಿಕಿತಿನ್ ಹೊರಗಿನಿಂದ ವರ್ಣಿಸಿದ್ದಾನೆ. ಅದಕ್ಕೆ ಏಳು ಬಾಗಿಲುಗಳು. ಬಾಗಿಲುಗಳಲ್ಲಿ ನೂರು ಕಾವಲುಗಾರರು, ನೂರು ಕರಣಿಕರು. ಒಳಹೋದವರ ಹೆಸರನ್ನು ಕೆಲವರು ಬರೆದರೆ, ಹೊರಬಂದವರ ಹೆಸರನ್ನು ಇನ್ನು ಕೆಲವರು ಬರೆಯುತ್ತಿದ್ದರು; ಪರದೇಶಿಗಳಿಗೆ ಪ್ರವೇಶವಿರಲಿಲ್ಲ. ಶ್ರೀಮಂತರ ಬೆಳ್ಳಿಯ ಪಲ್ಲಕ್ಕಿಗಳನ್ನೂ ಹಳ್ಳಿಯವರ ಕಡುಬಡತನವನ್ನೂ ಅವನು ಒಟ್ಟಿಗೇ ಗಮನಿಸಿದ. 1423–24ರ ಹದಿನಾರು ಕಂಬದ ಮಸೀದಿ ಆಗಲೇ ನಿಂತಿತ್ತು. ಇಂದು ಪ್ರವಾಸಿಗರು ಬಯಸಿ ನೋಡುವ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿ ಮಾತ್ರ ಬರೀದಶಾಹಿಗಳ ಕಾಲದ್ದು, ಸುಮಾರು ನೂರು ವರ್ಷ ಈಚಿನದು.

ಬೀದರಿನಲ್ಲಿ ಅವನು ಖೊರಾಸಾನಿನ ಖ್ವಾಜಾ ಯೂಸುಫ್ ಎಂಬ ಹೆಸರಿನಿಂದ ಓಡಾಡುತ್ತಿದ್ದ. ಪರಿಚಿತರಾದ ಹಿಂದೂಗಳಿಗೆ ತಾನು ಮುಸಲ್ಮಾನನಲ್ಲ, ಕ್ರೈಸ್ತನೆಂದು ತಿಳಿಸಿದ ಮೇಲೆ, ಊಟ, ವ್ಯಾಪಾರ, ಪ್ರಾರ್ಥನೆ ಯಾವುದನ್ನೂ ಅವರು ಅವನಿಂದ ಮುಚ್ಚಿಡಲಿಲ್ಲ. ಅವರ ಜೊತೆ ಅವನು ಪರ್ವತಕ್ಕೆ, ನಮ್ಮ ಜನ ಶಿವರಾತ್ರಿಗೆ ನಡೆದುಹೋಗುವ ಅದೇ ಶ್ರೀಶೈಲಕ್ಕೆ, ಯಾತ್ರೆ ಹೋದ. ಅದನ್ನು ತನ್ನವರಿಗೆ ವಿವರಿಸುವಾಗ ಅವರ ಜೆರುಸಲೇಮ್ ಎಂದು ಕರೆದ. ಅಲ್ಲಿಯ ಮೂರ್ತಿಯನ್ನು ಕಾನ್‌ಸ್ಟಾಂಟಿನೋಪಲಿನ ಸಾಮ್ರಾಟ ಜಸ್ಟಿನಿಯನನ ಪ್ರತಿಮೆಗೆ ಹೋಲಿಸಿದ. ತನಗೆ ಗೊತ್ತಿದ್ದುದರಿಂದ ಗೊತ್ತಿಲ್ಲದುದನ್ನು ಅಳೆಯುವ ಈ ಪ್ರಾಮಾಣಿಕ ಪ್ರಯತ್ನದಲ್ಲಿ ತಿರಸ್ಕಾರದ ಸುಳಿವಿಲ್ಲ. ಮುಂದಿನ ಶತಮಾನಗಳ ಅನೇಕ ಮಿಷನರಿ ವರದಿಗಳಲ್ಲಿ ಇದು ದುರ್ಲಭ.

ದೈವಶಾಸ್ತ್ರಕ್ಕೆ ಸೇರಿದ ತೊಡಕು ಇದಾದ ಮೇಲೆ ಬರುತ್ತದೆ. ಪುಸ್ತಕವಿಲ್ಲ, ಯಾಜಕನಿಲ್ಲ, ಸಂಸ್ಕಾರಗಳಿಲ್ಲ. ಕ್ರಮೇಣ ಪಂಚಾಂಗವೂ ಇಲ್ಲ. ಪಾಸ್ಖ ಯಾವಾಗ ಎಂಬುದೇ ಅವನಿಗೆ ತಪ್ಪಿಹೋಯಿತು. ಮುಸಲ್ಮಾನರ ಬೈರಾಮ್ ಹಬ್ಬಕ್ಕೆ ಒಂಬತ್ತು ಹತ್ತು ದಿನ ಮೊದಲಿರಬಹುದೆಂದು ಊಹಿಸಿದ. ಬೀದರಿನ ಆಕಾಶದಲ್ಲಿ ಕೃತ್ತಿಕೆ, ಮಹಾವ್ಯಾಧ, ಸಪ್ತರ್ಷಿಗಳು ಎಲ್ಲಿವೆ ಎಂಬುದನ್ನು ಆ ಮಹಾದಿನದ ಗುರುತಾಗಿ ಬರೆದುಕೊಂಡ. ಮುಸಲ್ಮಾನರ ಮಾಸದೊಂದಿಗೆ ತನ್ನ ಉಪವಾಸವನ್ನು ಆರಂಭಿಸಿ, ತಿಂಗಳಿಡೀ ರೊಟ್ಟಿ ನೀರಿನಲ್ಲಿ ಕಳೆದು, ಭೂಮ್ಯಾಕಾಶಗಳನ್ನು ಸೃಷ್ಟಿಸಿದ ಸರ್ವಶಕ್ತ ದೇವರನ್ನು ಪ್ರಾರ್ಥಿಸಿದ. ಅವನ ಬರಹ ಮುಗಿಯುವುದೇ ಅರಬ್ಬಿಯ ಪ್ರಾರ್ಥನೆಯಿಂದ. ಅದರಲ್ಲಿ ಖುರಾನಿನ ದೇವನಾಮಗಳಿವೆ, ಯೇಸುವನ್ನು ದೇವರ ಆತ್ಮವೆಂದು ಕರೆಯುವ ಇಸ್ಲಾಮೀ ಬಿರುದೂ ಇದೆ.

ಹಾಗಾದರೆ ಅವನು ವಿಶ್ವಾಸವನ್ನು ತೊರೆದನೇ? 1979ರಲ್ಲಿ ವಿದುಷಿ ಗೇಲ್ ಲೆನ್‌ಹಾಫ್ ಹೌದೆಂದು ವಾದಿಸಿದರು. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮತಾಂತರಗೊಂಡವನಿಗೆ ಪಾಸ್ಖದ ದಿನ ತಪ್ಪಿದ್ದಕ್ಕೆ ದುಃಖವೇಕೆ? ಅದನ್ನು ನಕ್ಷತ್ರಗಳಲ್ಲಿ ಹುಡುಕುವ ಶ್ರಮವೇಕೆ? ಅವನಿಗೆ ಉಳಿದಿದ್ದುದು ವಿಶ್ವಾಸ ಸಂಗ್ರಹದ ಮೊದಲ ವಾಕ್ಯ. ಅಕ್ಕಪಕ್ಕದವರೊಂದಿಗೆ ಸೇರಿ ಹೇಳಬಹುದಾಗಿದ್ದುದೂ ಅದೇ. ಮುಸಲ್ಮಾನರು ಏಕದೇವರನ್ನು, ಭೂಮ್ಯಾಕಾಶಗಳ ಸೃಷ್ಟಿಕರ್ತನನ್ನು ಆರಾಧಿಸುತ್ತಾರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ‘ನೋಸ್ತ್ರ ಏತಾತೆ’ಯಲ್ಲಿ ಘೋಷಿಸಿತು. ಇದರಿಂದ ನಿಕಿತಿನನ ಪ್ರಶ್ನೆ ಪೂರ್ತಿ ಬಗೆಹರಿಯುತ್ತದೆ ಎನ್ನಲಾರೆ. ಕ್ರಿಸ್ತನ ಹೆಸರು ಹಿನ್ನೆಲೆಗೆ ಸರಿದ ಆ ಪ್ರಾರ್ಥನೆ ಯಾಜಕನಾದ ನನ್ನನ್ನು ಈಗಲೂ ಕಲಕುತ್ತದೆ. ಆದರೆ ಸಭಾಸಮುದಾಯದಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಒಬ್ಬ ಜನಸಾಮಾನ್ಯ ವಿಶ್ವಾಸಿಯನ್ನು ಗ್ರಂಥಾಲಯದಲ್ಲಿ ಕುಳಿತು ಧರ್ಮಭ್ರಷ್ಟನೆನ್ನುವ ಮುನ್ನ, ನಾವು ಒಮ್ಮೆ ಆ ಹಮಾಮಿನ ಹೊರಗೆ ನಿಂತು ಯೋಚಿಸಬೇಕು.

ನಿಕಿತಿನ್ ತ್ವೇರನ್ನು ತಲುಪಲಿಲ್ಲ. ಸ್ಮೊಲೆನ್‌ಸ್ಕ್ ಸಿಗುವ ಮೊದಲೇ ತೀರಿಕೊಂಡ. ಅವನ ಕಡತ 1475ರಲ್ಲಿ ಮಾಸ್ಕೋದ ರಾಜಕರಣಿಕ ವಸಿಲಿ ಮಾಮಿರೆವನ ಕೈ ಸೇರಿ, ಅಲ್ಲಿಯ ಚರಿತ್ರೆಯ ಗ್ರಂಥಗಳಲ್ಲಿ ಸೇರ್ಪಡೆಯಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್ಜಿನ್‌ಗೆ ಅದರ ಒಂದು ಪ್ರತಿ ದೊರೆತದ್ದು ತ್ರಿತ್ವ–ಸೆರ್ಗಿಯಸ್ ಸನ್ಯಾಸಿ ಮಠದಲ್ಲಿ. ಪ್ರತಿ ಮಾಡಿದವರು ಆ ಅರಬ್ಬಿ ಪ್ರಾರ್ಥನೆಯನ್ನು ತೆಗೆದುಹಾಕಿರಲಿಲ್ಲ. ರಷ್ಯನ್ ಲಿಪಿಯಲ್ಲಿ, ಇದ್ದಂತೆಯೇ ಉಳಿಸಿದ್ದರು.